ಔಷಧದ ಸೋಲೂ ಊರಿನ ಚರಂಡಿಯೂ

ತುಮಕೂರು ರಸ್ತೆಯಲ್ಲಿ ಮಾದಾವರವನ್ನು ದಾಟಿ ನೆಲಮಂಗಲದತ್ತ ಸಾಗುವವರಿಗೆ ಗೋದಾಮು, ಕಾರ್ಖಾನೆ, ಹೊಸ ಬಡಾವಣೆಗಳ ನಡುವೆ ಎದುರಾಗುವ ಮಾಕಳಿಯ ಹೆಸರು, ಅಲ್ಲಿ ನೆಲೆಗೊಂಡ ಹಿಮಾಲಯ ಸಂಸ್ಥೆಯ ಔಷಧದ ಶೀಷೆಗಳ ಮೇಲೆ ಅಚ್ಚಾಗಿ, ಆ ಊರನ್ನು ಎಂದೂ ಕಾಣದವರಿಗೂ ಪರಿಚಿತವಾಗಿದೆ. ಆದರೆ ಮಾಕಳಿಯಂಥ ಊರುಗಳನ್ನು ಮುಂದಿಟ್ಟುಕೊಂಡು ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದು ಬಗೆಯ ಔಷಧವನ್ನು ಕುರಿತದ್ದು: ಒಂದು ಕಾಲದಲ್ಲಿ ಸಂಜೀವಿನಿಯೆನಿಸಿದ್ದ ಆಂಟಿಬಯಾಟಿಕ್‌ಗಳು, ಆಸ್ಪತ್ರೆಯ ಹೊಸ್ತಿಲನ್ನೇ ತುಳಿಯದ ಆರೋಗ್ಯವಂತರ ಕರುಳಿನಲ್ಲಿರುವ ಜೀವಾಣುಗಳ ಮುಂದೆಯೂ ನಿಷ್ಫಲವಾಗುತ್ತಿರುವುದು ಏತರಿಂದ?

ಶಿಶುವೈದ್ಯ ಥಿಯೊಡೋರ್ ಎಶೆರಿಖ್ 1885ರಲ್ಲಿ ಮೊದಲು ವರ್ಣಿಸಿದ, ಇಂದು ಇ. ಕೋಲಿ ಎಂದು ಪ್ರಸಿದ್ಧವಾಗಿರುವ ಜೀವಾಣು ನಮ್ಮೆಲ್ಲರ ಕರುಳಿನಲ್ಲಿ ಬಹುಮಟ್ಟಿಗೆ ನಿರುಪದ್ರವಿಯಾಗಿಯೇ ವಾಸಿಸುತ್ತದೆ. ಮೂತ್ರಕೋಶಕ್ಕೋ ರಕ್ತಕ್ಕೋ ದಾರಿ ಮಾಡಿಕೊಂಡಾಗ ಅದು ವ್ಯಾಧಿಗೆ ಕಾರಣವಾಗುತ್ತದೆ. ಔಷಧವನ್ನು ಎದುರಿಸುವ ಶಕ್ತಿಯನ್ನು ಅದು ಪ್ಲಾಸ್ಮಿಡ್ ಎಂಬ ಸಣ್ಣದೊಂದು ವಂಶವಾಹಿ ತುಣುಕಿನಲ್ಲಿ ಇರಿಸಿಕೊಂಡು, ತನ್ನ ಸಂತತಿಗಷ್ಟೇ ಅಲ್ಲದೆ ಪಕ್ಕದಲ್ಲಿರುವ ಅನ್ಯಜಾತಿಯ ಜೀವಾಣುವಿಗೂ ದಾಟಿಸಬಲ್ಲದು. ನೆರೆಮನೆಗೆ ಹೆಪ್ಪು ಕೊಟ್ಟಂತೆ, ಕೊಟ್ಟವರಲ್ಲಿ ಕಡಮೆಯಾಗದೆ, ಪಡೆದವರಲ್ಲಿ ಬೆಳೆಯತಕ್ಕ ಸಂಪತ್ತು ಅದು. ಈ ವಿನಿಮಯವನ್ನು ಜಪಾನಿನ ವಿಜ್ಞಾನಿಗಳು 1950ರ ದಶಕದ ಕೊನೆಯಲ್ಲಿ ರಕ್ತಭೇದಿಯ ಜೀವಾಣುಗಳಲ್ಲಿ ಕಂಡುಹಿಡಿದರು. ಒಬ್ಬನ ಮಲದಿಂದ ಹೊರಬಿದ್ದು ನೀರನ್ನೋ ಸೊಪ್ಪನ್ನೋ ಕೈಯನ್ನೋ ಆಶ್ರಯಿಸಿ ಮತ್ತೊಬ್ಬನ ಬಾಯಿಗೆ ಸೇರುವುದೇ ಇದರ ಸಂಚಾರಮಾರ್ಗ.

2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬನಲ್ಲಿ, ಕೊನೆಯ ಆಸರೆಯೆನಿಸಿದ ಕಾರ್ಬಪೆನೆಮ್ ವರ್ಗದ ಮದ್ದುಗಳನ್ನೂ ಕೆಡಿಸಬಲ್ಲ ಕಿಣ್ವವೊಂದು ಪತ್ತೆಯಾಗಿ, ಅದಕ್ಕೆ ದೆಹಲಿಯ ಹೆಸರೇ ಅಂಟಿಕೊಂಡಾಗ ದೇಶದಲ್ಲಿ ಕೋಪವೆದ್ದಿತು. ಆ ಕೋಪಕ್ಕೆ ಕಾರಣವಿಲ್ಲದೆ ಇರಲಿಲ್ಲ. ಆದರೆ ಹೆಸರಿನ ಜಗಳದಲ್ಲಿ, 2011ರಲ್ಲಿ ಪ್ರಕಟವಾದ ಅದಕ್ಕಿಂತ ಗಂಭೀರವಾದ ಸಂಗತಿ ಮರೆಗೆ ಸರಿಯಿತು. ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿಯೂ, ನಲ್ಲಿ ನೀರಿನ 50 ಮಾದರಿಗಳ ಪೈಕಿ ಎರಡರಲ್ಲಿಯೂ ಆ ಕಿಣ್ವದ ವಂಶವಾಹಿಯೇ ದೊರೆತಿತ್ತು. ಮತ್ತೆ 2017ರಲ್ಲಿ ಪ್ರಕಟವಾದ ಡಚ್ ಸಂಶೋಧನೆಯೊಂದರಲ್ಲಿ, ದಕ್ಷಿಣ ಏಷ್ಯವನ್ನು ಸುತ್ತಿ ಮನೆಗೆ ಮರಳಿದ ಪ್ರವಾಸಿಗಳಲ್ಲಿ ನೂರಕ್ಕೆ 75 ಮಂದಿ ಬೇರೊಂದು ಪ್ರಮುಖ ವರ್ಗದ ಆಂಟಿಬಯಾಟಿಕ್‌ಗಳನ್ನು ಎದುರಿಸಬಲ್ಲ ಜೀವಾಣುಗಳನ್ನು ಹೊಸದಾಗಿ ಕರುಳಿನಲ್ಲಿ ಹೊತ್ತು ತಂದಿದ್ದರೆಂದು ತಿಳಿದುಬಂದಿತು. ಬಂದು ಹೋದವರ ಸ್ಥಿತಿ ಇದಾದರೆ, ಇಲ್ಲಿಯೇ ಹುಟ್ಟಿ, ಇಲ್ಲಿಯ ನೀರನ್ನೇ ಕುಡಿದು ಬೆಳೆದವರ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಈ ವಿಪತ್ತಿಗೆ ನಮ್ಮ ಸರ್ಕಾರಗಳು ಮುಖ್ಯವಾಗಿ ಸೂಚಿಸಿರುವ ಪರಿಹಾರ ವೈದ್ಯರ ಚೀಟಿಯನ್ನು ಕುರಿತದ್ದು. 2014ರಿಂದ ಹಲವು ಆಂಟಿಬಯಾಟಿಕ್‌ಗಳು ಚೀಟಿಯ ಮೇಲೆಯೇ ಮಾರಬೇಕಾದ ಔಷಧಗಳ ಎಚ್1 ಅನುಸೂಚಿಗೆ ಸೇರಿವೆ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಬಂದಿದೆ. ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತರಬೇಡಿರೆಂಬ ಉಪದೇಶವೂ ನಡೆದಿದೆ. ಇವೆಲ್ಲ ಅವಶ್ಯವೇ. ಆದರೆ ಪೀಟರ್ ಕಾಲಿಗ್ನನ್ ಮತ್ತು ಸಂಗಡಿಗರು 103 ದೇಶಗಳ ಅಂಕಿಅಂಶಗಳನ್ನು ತೂಗಿನೋಡಿ 2018ರಲ್ಲಿ ತೋರಿಸಿದಂತೆ, ಒಂದು ದೇಶದ ನಿರೋಧಕತೆಯ ಪ್ರಮಾಣ ಅಲ್ಲಿಯ ಜನ ನುಂಗಿದ ಮಾತ್ರೆಗಳ ಲೆಕ್ಕಕ್ಕಿಂತ ಹೆಚ್ಚಾಗಿ ಅಲ್ಲಿಯ ನೈರ್ಮಲ್ಯವೇ ಮೊದಲಾದ ಮೂಲಸೌಕರ್ಯವನ್ನೂ ಆಡಳಿತದ ಗುಣವನ್ನೂ ಅನುಸರಿಸುತ್ತದೆ. ದಿನಗೂಲಿ ಕಳೆದುಕೊಳ್ಳಲಾರದೆ ಅಂಗಡಿಯಿಂದ ಎರಡು ಮಾತ್ರೆ ಕೊಂಡ ಕಾರ್ಮಿಕನನ್ನೇ ಅಪರಾಧಿಯನ್ನಾಗಿಸಿ, ಆತನ ವಠಾರದ ಚರಂಡಿಯನ್ನು ಕಾಣದಿರುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಬೆಂಗಳೂರಿನ ಅಂಚಿನ ಊರುಗಳಲ್ಲಿ ಮನೆಗಳು ಎದ್ದಷ್ಟು ವೇಗವಾಗಿ ಒಳಚರಂಡಿ ಬಂದಿಲ್ಲ. ಸಾಲು ಬಾಡಿಗೆ ಮನೆಗಳಿಗೆ ಕೊಳವೆಬಾವಿಯ ನೀರು, ಇಲ್ಲವಾದರೆ ಟ್ಯಾಂಕರ್, ಹಿತ್ತಿಲಿನಲ್ಲಿ ಶೌಚಗುಂಡಿ, ಅದು ತುಂಬಿದಾಗ ಹೀರಿಕೊಂಡು ಹೋಗಲು ಬರುವ ಲಾರಿ. ಆ ಲಾರಿ ಹೊತ್ತದ್ದನ್ನು ಎಲ್ಲಿ ಇಳಿಸುತ್ತದೆ, ಹೊಲಕ್ಕೋ ಹಳ್ಳಕ್ಕೋ, ಎಂದು ಕೇಳುವವರು ವಿರಳ. ಹೆಸರಘಟ್ಟದಿಂದ ತಿಪ್ಪಗೊಂಡನಹಳ್ಳಿಗೆ ಇಳಿಯುವ ಅರ್ಕಾವತಿಯ ಸೀಮೆ ಇದು. ಬೆಂಗಳೂರಿಗೆ ದಶಕಗಳ ಕಾಲ ಕುಡಿಯುವ ನೀರನ್ನು ಕೊಟ್ಟ ನದಿಯ ಜಲಾನಯನದಲ್ಲಿ ಮಲವನ್ನು ಹೀಗೆ ಅನಾಮಧೇಯವಾಗಿ ಚೆಲ್ಲಲು ಬಿಡುವುದು ನಿರೋಧಕ ಜೀವಾಣುಗಳಿಗೆ ನಾವೇ ಹಾದಿ ಕಡಿದುಕೊಟ್ಟಂತೆ. ಮೂತ್ರಕೋಶದ ಸೋಂಕು ಮೂತ್ರಪಿಂಡಕ್ಕೆ ಏರಿ, ಮಾತ್ರೆ ಕೆಲಸ ಮಾಡದೆ, ದಿನದಿನವೂ ರಕ್ತನಾಳಕ್ಕೆ ಇಂಜೆಕ್ಷನ್ ಪಡೆಯಬೇಕಾಗಿ ಬಂದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಆ ವೆಚ್ಚ ಒಂದು ತಿಂಗಳ ಸಂಬಳವನ್ನೇ ನುಂಗೀತು. ಆಕೆ ಮಾಡಿದ ತಪ್ಪೇನೂ ಇಲ್ಲ.

ಈ ಹಾದಿಯನ್ನು ಮುಚ್ಚುವುದು ಅಸಾಧ್ಯವಾದ ಕೆಲಸವೆಂದು ಹೇಳುವಂತಿಲ್ಲ. ನೆರೆಯ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿಯೇ ಶೌಚಗುಂಡಿಯ ಹೂಳನ್ನು ಸಂಸ್ಕರಿಸುವ ಘಟಕ ಆರಂಭವಾಗಿ, ದೇಶಕ್ಕೆ ಮಾದರಿಯೆನಿಸಿತು. ನೀರಿನಲ್ಲಿ ನಿರೋಧಕ ಇ. ಕೋಲಿಯನ್ನು ಎಣಿಸುವ ಸರಳ ಕ್ರಮವೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದೆ. ಮಾಕಳಿ ಸೇರಿರುವ ದಾಸನಪುರ ಹೋಬಳಿಗೆ ತನ್ನದೇ ಆದ ಸಂಸ್ಕರಣ ಘಟಕವಿರಲಿ. ಗುಂಡಿ ಹೀರುವ ಪ್ರತಿಯೊಂದು ಲಾರಿಯೂ ತಾನು ಎಲ್ಲಿ ಬರಿದಾಯಿತೆಂಬುದನ್ನು ಸ್ಥಳೀಯ ಆಡಳಿತದ ಪುಸ್ತಕದಲ್ಲಿ ಬರೆಯಿಸಲಿ. ಟ್ಯಾಂಕರ್ ತುಂಬುವ ಕೊಳವೆಬಾವಿಗಳ ನೀರನ್ನೂ ಸಂಸ್ಕರಿಸಿ ಕೆರೆಗೆ ಬಿಡುವ ನೀರನ್ನೂ ಆರೋಗ್ಯ ಇಲಾಖೆ ಈ ಕ್ರಮದಂತೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮದ ಸೂಚನಾಫಲಕದಲ್ಲಿ ಕನ್ನಡದಲ್ಲಿ ಹಚ್ಚಲಿ. ಮುಂದಿನ ಆಯವ್ಯಯದಲ್ಲಿ ಇದಕ್ಕೆ ಹಣವಿಡಬೇಕಾದದ್ದು ಆರೋಗ್ಯ ಇಲಾಖೆಯಷ್ಟೇ ಅಲ್ಲ, ನಗರಾಭಿವೃದ್ಧಿ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳೂ ಹೌದು.