ಬಾಗಿಲಲ್ಲೇ ಸಹಿ ಹಾಕಿದರೆ ಶಾಲೆ ಸುಧಾರಿಸುತ್ತದೆಯೇ?

ಮದ್ರಸದ ಮೀಟಿಂಗ್ ಅಂದರೆ ನಾವು ತಪ್ಪದೆ ಬರುತ್ತೇವೆ. ಸರಕಾರಿ ಶಾಲೆಯ ಎಸ್‌ಡಿಎಂಸಿ ಸಭೆ ಅಂದರೆ ಮಾತ್ರ "ಅದು ಮಾಸ್ಟ್ರ ಕೆಲಸ" ಅಂತ ಸುಮ್ಮನಿರುತ್ತೇವೆ. ಎರಡೂ ಕಡೆ ಕೂರುವುದು ನಮ್ಮದೇ ಮಕ್ಕಳಲ್ವಾ?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕಾದ್ದು ಈ ಸಮಿತಿಯೇ. ಸರಕಾರದ ಅನುದಾನಕ್ಕೂ ಆ ಯೋಜನೆಯೇ ಆಧಾರ.

ನಮ್ಮ ಕಡೆ ಆಗುವುದೇನು? ಗಂಡಸರು ಗಲ್ಫ್‌ನಲ್ಲಿ, ತಾಯಂದಿರ ಹೆಸರು ಪಟ್ಟಿಯಲ್ಲಿ. ಪುಸ್ತಕ ಮನೆಗೇ ಬರುತ್ತದೆ, ಬಾಗಿಲಲ್ಲೇ ಸಹಿ ಆಗುತ್ತದೆ. ಒಳಗೆ ಏನು ಬರೆದಿದೆ ಅಂತ ಕೇಳಿದವರಿಲ್ಲ. ಕೊನೆಗೆ ಗೋಡೆಗೆ ಬಣ್ಣ ಬರುತ್ತದೆ, ನಾಲ್ಕನೇ ಕ್ಲಾಸಿನ ಮಗು ಕನ್ನಡ ಓದಲು ತಡವರಿಸುತ್ತಲೇ ಇರುತ್ತದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಮಗು ಎಲ್ಲಿ ಎಡವುತ್ತದೆ ಅಂತ ತಾಯಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮಾತು ಯೋಜನೆಯೊಳಗೆ ಬರಬೇಕು.

ತಪ್ಪು ತಾಯಂದಿರದ್ದಲ್ಲ. ಸಭೆಗೆ ಹೋಗಿ ಅಂತ ಹೇಳದವರು ನಾವೇ. ಮಧ್ಯಾಹ್ನ ಎರಡೂವರೆಗೆ ಸಭೆ ಇಟ್ಟರೆ ಅಸರ್‌ಗೆ ಮೊದಲು ಮುಗಿಯುತ್ತದೆ. ಯೋಜನೆಯನ್ನು ಬ್ಯಾರಿಯಲ್ಲಿ ಓದಿ ಹೇಳಲು ಉಸ್ತಾದರಾದ ನಾವು ತಯಾರು. ದಿನಾಂಕವನ್ನು ಜುಮಾ ಮುಗಿದ ಮೇಲೆ ಮಸೀದಿಯಲ್ಲಿ ತಿಳಿಸುತ್ತೇವೆ, ಮನೆಗೆ ಹೋಗಿ ಹೇಳುವ ಕೆಲಸ ಗಂಡಸರದ್ದು.