ಯಜಮಾನನ ಕೋಪ, ಮಾಣಿಯ ತಾಳ್ಮೆ

ಕೋಪ ಸಲ್ಲದೆಂಬ ಉಪದೇಶವನ್ನು ನಾವು ಸಾಮಾನ್ಯವಾಗಿ ಯಾರಿಗೆ ಮಾಡುತ್ತೇವೆ? ಬೈಸಿಕೊಂಡವನಿಗೆ. ಒಡೆದ ಒಂದು ಲೋಟಕ್ಕಾಗಿ ಗಲ್ಲಾದಲ್ಲಿ ಕುಳಿತ ಯಜಮಾನನು ಮಾಣಿಯ ತಂದೆತಾಯಿಗಳನ್ನೆಲ್ಲ ಎತ್ತಿ ಆಡಿ, ಅವನ ಮನೆ ಹಾಳಾಗಲೆಂದು ಶಪಿಸಿದ ಮೇಲೆ, ನೆರೆದವರು ತಾಳ್ಮೆ ಹೇಳುವುದು ಹುಡುಗನಿಗೆ. ಇಸ್ಲಾಮಿನ ಹದೀಸುಗಳನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೆಂದರೆ, ಅಲ್ಲಿ ಆ ಮಾತು ಯಜಮಾನನಿಗೇ ಹೋಗಿ ತಗಲುವುದು.

ಕ್ರಿ.ಶ. 622ರಲ್ಲಿ ಪೈಗಂಬರ ಮುಹಮ್ಮದರು ಮದೀನಾ ಪಟ್ಟಣಕ್ಕೆ ಬಂದಾಗ, ಅನಸ್ ಎಂಬ ಸುಮಾರು ಹತ್ತು ವರ್ಷದ ಹುಡುಗನನ್ನು ಮನೆಯವರು ಅವರ ಸೇವೆಗೆ ಬಿಟ್ಟರು. 632ರಲ್ಲಿ ಅವರು ತೀರಿಕೊಳ್ಳುವವರೆಗೂ ಆತನು ಅಲ್ಲಿದ್ದನು. ಆತನ ಸಾಕ್ಷ್ಯವು ಬುಖಾರಿ ಮತ್ತು ಮುಸ್ಲಿಂ ಎಂಬ ಎರಡು ಪ್ರಮಾಣ ಸಂಗ್ರಹಗಳಲ್ಲಿಯೂ ಉಂಟು: ಒಡೆಯರು ತನ್ನನ್ನು ಒಮ್ಮೆಯೂ ಛೀ ಎನ್ನಲಿಲ್ಲ, ಮಾಡಿದ್ದನ್ನೇಕೆ ಮಾಡಿದೆ, ಬಿಟ್ಟದ್ದನ್ನೇಕೆ ಬಿಟ್ಟೆ ಎಂದು ಗದರಲಿಲ್ಲ. ಹತ್ತು ವರ್ಷದ ಹುಡುಗನು ಏನನ್ನೂ ಒಡೆಯದೆ, ಏನನ್ನೂ ಮರೆಯದೆ ಇರುವುದುಂಟೆ? ನಾನು ಹೋಟೆಲು ನಡೆಸಿದವನು. ಹತ್ತು ದಿನದ ಲೆಕ್ಕವನ್ನೂ ಹೀಗೆ ಒಪ್ಪಿಸಲಾರೆ.

ಗದರದೆ ಕೆಲಸ ನಡೆಯದೆನ್ನುವ ಯಜಮಾನರಿದ್ದಾರೆ. ನಾನೂ ಹಾಗೆಯೇ ಅನ್ನುತ್ತಿದ್ದೆ. ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪದಲ್ಲಿ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿಯೆಂಬುದು ಪೈಗಂಬರರ ಮತ. ಕೋಪ ಬಂದಾಗ ನಿಂತವನು ಕೂರಬೇಕು, ಆಗಲೂ ಇಳಿಯದಿದ್ದರೆ ಮಲಗಬೇಕೆಂದೂ ವಿಧಿಸಿದರು. ಗಲ್ಲಾದಲ್ಲಿ ಕುಳಿತೇ ಕೆರಳುವವನಿಗೆ ಉಳಿದ ದಾರಿ ಒಂದೇ! ಕೋಪದಲ್ಲಿರುವ ನ್ಯಾಯಾಧೀಶನು ತೀರ್ಪು ಕೊಡಕೂಡದೆಂದರು. ಕಚೇರಿಯ ಮೇಲಧಿಕಾರಿಗಳು ಕಾರಕೂನನಿಗೆ ಮೆಮೊ ಬರೆಯುವ ಮುನ್ನ ಇದನ್ನು ನೆನೆಯಬಹುದು.

ಶಾಪದ ವಿಷಯದಲ್ಲಂತೂ ಮಾತು ಇನ್ನೂ ಕಠಿಣ. ಶಾಪವು ಮೇಲೇರಿ, ಆಕಾಶದ ಬಾಗಿಲು ಮುಚ್ಚಿರಲು ಕೆಳಗಿಳಿದು, ಶಪಿತನು ಅದಕ್ಕೆ ತಕ್ಕವನಲ್ಲವಾದರೆ ಶಪಿಸಿದವನಿಗೇ ಮರಳುವುದಂತೆ. ಒಮ್ಮೆ ಪ್ರಯಾಣದಲ್ಲಿ ಒಬ್ಬ ಹೆಂಗಸು ತನ್ನ ಒಂಟೆಯನ್ನು ಶಪಿಸಿದಳು. ಹೊರೆ ಇಳಿಸಿ ಅದನ್ನು ಬಿಟ್ಟುಬಿಡಿರೆಂದು ಪೈಗಂಬರರು ಆಜ್ಞೆ ಮಾಡಿದರು. ಒಂಟೆಗೆ ಬಿಡುಗಡೆ, ಶಪಿಸಿದವಳಿಗೆ ಹೊರೆ. ಪರರ ತಂದೆಯನ್ನು ಬೈದವನು ತನ್ನ ತಂದೆಯನ್ನೇ ಬೈಸುತ್ತಾನೆ, ಅದು ಮಹಾಪಾಪಗಳಲ್ಲೊಂದು ಎಂದೂ ಅವರು ಎಚ್ಚರಿಸಿದ್ದುಂಟು.

ಹಾಗಾದರೆ ಬೈಸಿಕೊಂಡವನು ಬಾಯಿ ಮುಚ್ಚಿಕೊಂಡೇ ಇರಬೇಕೆ? ಬೇಕಿಲ್ಲ. ಕಟುನುಡಿಯನ್ನು ಬಹಿರಂಗವಾಗಿ ಆಡುವುದು ದೇವರಿಗೆ ಮೆಚ್ಚಿಗೆಯಲ್ಲವೆನ್ನುವ ಕುರಾನಿನ ನಾಲ್ಕನೆಯ ಅಧ್ಯಾಯವು, ಅನ್ಯಾಯಕ್ಕೊಳಗಾದವನನ್ನು ಮಾತ್ರ ಅದರಿಂದ ಹೊರಗಿಡುತ್ತದೆ. ಆತನು ದೂರಬಹುದು. ಮುಆದ್ ಎಂಬ ಅನುಯಾಯಿಯನ್ನು ಯೆಮನ್ ನಾಡಿಗೆ ಅಧಿಕಾರಿಯಾಗಿ ಕಳುಹಿಸುವಾಗ ಪೈಗಂಬರರು ಜಕಾತಿನ ವಿಧಿಗಳನ್ನೆಲ್ಲ ತಿಳಿಸಿ, ಕೊನೆಗೆ, ನೊಂದವನ ಮೊರೆಗೆ ಅಂಜಿ ನಡೆಯೆಂದರು; ಆ ಮೊರೆಗೂ ದೇವರಿಗೂ ನಡುವೆ ತೆರೆಯಿಲ್ಲವೆಂದರು. ಮಾಣಿಯು ಲೋಟದ ಚೂರುಗಳನ್ನು ಆಯುತ್ತ ಮನಸ್ಸಿನಲ್ಲಿ ಏನಂದುಕೊಂಡನೆಂದು ಗಲ್ಲಾದಲ್ಲಿದ್ದ ನಾನು ಯಾವ ದಿನವೂ ಕೇಳಿದವನಲ್ಲ.