ಬೆಕ್ಕಿಗೆ ನಾಯಿ ಔಷಧಿ ಹಾಕೋರಿಗೆ

(1/4)
ಫೋಟೋ ಝೂಮ್ ಮಾಡಿ ನೋಡ್ರಿ. ಕುತ್ತಿಗೆ ಹಿಂದೆ ನಾಣ್ಯದಷ್ಟು ಜಾಗದಲ್ಲಿ ಕೂದಲಿಲ್ಲ, ಚರ್ಮ ಕೆಂಪಗಾಗೈತಿ. ನಮ್ಮ ಕರಿಯ. "ಯಾವನೋ ಬಿಸಿನೀರು ಎರಚಿರ್ಬೇಕು" ಅಂತ ನಿನ್ನೆ ಸ್ಟೋರಿಗೆ ಬೈದ್ರಲ್ಲ, ಆ ಯಾವನೋ ನಾನೇ. ಚಿಗಟ ವಿಪರೀತ ಆಗಿದ್ವು. ಅಂಗಡೀಲಿ ಕೇಳಿದೆ. "ಬೆಕ್ಕಿಂದು ಇಲ್ಲ, ನಾಯೀದು ಐತಿ. ಕಾಲು ಭಾಗ ಹಾಕು, ಏನೂ ಆಗಲ್ಲ" ಅಂದ್ರು. ಹಾಕಿದೆ. ಚರ್ಮ ಕೆಂಪಾಯ್ತು. ರಾತ್ರಿ ಕಿವಿ ಅದುರೋಕೆ ಶುರು, ಆಮೇಲೆ ಮೈಯೆಲ್ಲಾ ನಡುಕ. ಡಾಕ್ಟರ್ ಹತ್ರ ಓಡಿದ್ದಕ್ಕೆ ಉಳೀತು.

(2/4)
ನನ್ನ ಸಿಟ್ಟು ಆ "ಕಾಲು ಭಾಗ"ದ ಮೇಲೆ. ವಿನೋಬನಗರದಲ್ಲಿ ಬೆಕ್ಕು ಸಾಕಿರೋ ನಾಲ್ಕು ಜನರನ್ನ ಕೇಳಿದೆ, ಮೂವರು ಇದನ್ನೇ ಹೇಳಿದ್ರು! ಇದು ತೂಕದ ಲೆಕ್ಕ ಅಲ್ರೀ. ನಾಯಿಗೆ ಹಾಕೋ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಎಷ್ಟೋ ಟ್ಯೂಬ್‌ಗಳಲ್ಲಿ ನೂರಕ್ಕೆ 45ರಿಂದ 65ರಷ್ಟು. ನಾಯಿಯ ಲಿವರ್ ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ತೀರಾ ಕಡಿಮೆ, ವಿಷ ಮೈಯಲ್ಲೇ ಉಳಿದು ನರಕ್ಕೆ ಏರುತ್ತದೆ. ಮನೇಲಿರೋ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನ ಕೊಲ್ಲಬಹುದು, ಅದಕ್ಕೂ ಲಿವರ್‌ನ ಈ ಕೊರತೆಯೇ ಕಾರಣ. ದನದ ಉಣ್ಣೆಗೆ ಅಂತ ತಂದಿಟ್ಟಿರೋ ಸೈಪರ್‌ಮೆಥ್ರಿನ್, ಅಮಿಟ್ರಾಜ್ ಬಾಟಲಿಗಳನ್ನೂ ಬೆಕ್ಕಿನ ಹತ್ರ ತರಬ್ಯಾಡ್ರಿ.

(3/4)
ಬೆಕ್ಕಿಗೇ ಅಂತ ಮಾಡಿದ ಔಷಧಿಯಿಂದಲೂ ಒಮ್ಮೊಮ್ಮೆ ಹಾಕಿದ ಜಾಗ ಕೆಂಪಾಗ್ತೈತಿ, ಕೂದಲು ಉದುರ್ತೈತಿ. ಸಾಮಾನ್ಯವಾಗಿ ತಾನೇ ವಾಸಿ ಆಗ್ತೈತಿ. ಹುಣ್ಣಾದ್ರೆ ಮಾತ್ರ ತೋರಿಸಿ. ಆದ್ರೆ ಕೆಂಪಿನ ಜೊತೆ ನಡುಕ, ತೂರಾಟ, ಫಿಟ್ಸ್ ಬಂದ್ರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಹಾಕಿದ್ದು ನಾಯೀದು ಅಂತ ಆಗಲೇ ಗೊತ್ತಾದ್ರೆ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೀರಿ, ಟವೆಲ್ ಸುತ್ತಿ, ಟ್ಯೂಬ್ ಸಮೇತ ಡಾಕ್ಟರ್ ಹತ್ರ ಹೋಗ್ರಿ. ಆಗಲೇ ನಡುಗ್ತಿದ್ರೆ ಸ್ನಾನ ಬಿಡ್ರಿ, ಮೊದಲು ಹೊರಡ್ರಿ. ಹಾಲು ಕುಡಿಸಿದ್ರೆ ವಿಷ ಇಳಿಯಲ್ಲ.

(4/4)
ಕಾಮೆಂಟಲ್ಲಿ "ನ್ಯಾಚುರಲ್ ಹಾಕು" ಅಂದೋರಿಗೆ: ಪರ್ಮೆಥ್ರಿನ್ ಮಾಡಿದ್ದೇ ಸೇವಂತಿಗೆ ಜಾತಿ ಹೂವಿನ ಪೈರೆಥ್ರಿನ್ ನೋಡಿ. ಬೇವಿನೆಣ್ಣೆ, ಕರ್ಪೂರ ಸವರಿದ್ರೂ ಬೆಕ್ಕು ಅದನ್ನ ನೆಕ್ಕೇ ನೆಕ್ತದೆ.

"ಡಾಕ್ಟರ್‌ಗೆ ದುಡ್ಡಿಲ್ಲ" ಅನ್ನೋದು ನನಗೂ ಅರ್ಥ ಆಗ್ತೈತಿ, ಹಾಸ್ಟೆಲ್ ಹುಡುಗರು ಸೇರಿ ಸಾಕಿರೋ ಬೆಕ್ಕುಗಳೂ ಅದಾವೆ. ಅಲ್ಲೀವರೆಗೆ ಹೇನಿನ ಬಾಚಣಿಗೇಲಿ ಬಾಚಿ, ಬಂದ ಚಿಗಟನ ಸೋಪ್ ನೀರಿಗೆ ಹಾಕ್ರಿ. ಅದು ಮಲಗೋ ಬಟ್ಟೆ ಬಿಸಿನೀರಲ್ಲಿ ಒಗೀರಿ, ಮೂಲೆ ಮೂಲೆ ಗುಡಿಸ್ರಿ. ಮೈಮೇಲೆ ಕಾಣೋದು ಸ್ವಲ್ಪ, ಮೊಟ್ಟೆ, ಮರಿಹುಳ ಎಲ್ಲಾ ಚಾಪೆ, ಸಂದೀಲೇ ಇರ್ತಾವೆ.

ಮನೇಲಿ ಟ್ಯೂಬ್ ಇದ್ರೆ ಹಿಂದೆ ತಿರುಗಿಸಿ ಹೆಸರು ಓದ್ರಿ. ಅನುಮಾನ ಬಂದ್ರೆ ಫೋಟೋ ಡಾಕ್ಟರಿಗೆ ತೋರಿಸ್ರಿ. ನನಗೆ ಡಿಎಂ ಮಾಡಬ್ಯಾಡ್ರಿ, ನಾನು ಬಿಕಾಂ.

#ಕರಿಯ #ವಿನೋಬನಗರ #ದಾವಣಗೆರೆ